ನೆರೆ ಇಳಿದ ಮೇಲೆ ಶಾಲೆಗೆ: ಕಾಂಬೋಡಿಯಾದ ಹಳ್ಳಿಗಳಲ್ಲಿ ಹೊಸ ಪಾಠದ ವರ್ಷ

ಭಾದ್ರಪದದ ಕೃಷ್ಣಪಕ್ಷದಲ್ಲಿ ನಾವು ಹಿರಿಯರಿಗೆ ಎಡೆ ಇಡುವ ದಿನಗಳಲ್ಲೇ ಕಾಂಬೋಡಿಯಾದ ಹಳ್ಳಿಗಳೂ ತಮ್ಮ ಹಿರಿಯರನ್ನು ನೆನೆಯುತ್ತವೆ. ಅಲ್ಲಿ ಈ ಪಕ್ಷಕ್ಕೆ ಪ್ಚುಮ್ ಬೆನ್ ಎಂದು ಹೆಸರು. ಬೆಳಕು ಹರಿಯುವ ಮೊದಲೇ ಜನ ಪಗೋಡಾಕ್ಕೆ ಹೋಗುತ್ತಾರೆ. ಅನ್ನದ ಉಂಡೆಗಳನ್ನು ಅಂಗಳದ ಕತ್ತಲಿಗೆ ಹಾಕಿ, ಹಸಿದ ಪಿತೃಗಳು ಉಂಡು ತೃಪ್ತರಾಗಲಿ ಎಂದು ಕೈ ಮುಗಿಯುತ್ತಾರೆ. ಅಮಾವಾಸ್ಯೆ ಹತ್ತಿರ ಬಂದಂತೆ ರಾಜಧಾನಿ ನಾಮ್ ಪೆನ್‌ನ ಬಟ್ಟೆ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಕಿಕ್ಕಿರಿದ ವ್ಯಾನುಗಳಲ್ಲಿ ಊರು ಸೇರುತ್ತಾರೆ. ಹಿರಿಯರ ಪಾಲು ಸಂದ ಮೇಲೆ ಮನೆಯ ಗಮನ ಎಳೆಯರ ಕಡೆಗೆ ಹೊರಳುತ್ತದೆ. ಬಿಳಿ ಅಂಗಿ, ಕಡುನೀಲಿ ಲಂಗ, ಒಂದಿಷ್ಟು ನೋಟುಬುಕ್ಕು, ಪೆನ್ಸಿಲ್ಲು ಹೊಂದಿಸಬೇಕು. ಹೊಸ ಶಾಲಾ ವರ್ಷ ಸಮೀಪಿಸಿರುತ್ತದೆ.

ಶಾಲೆ ಎಲ್ಲ ದೇಶಗಳಲ್ಲೂ ವರ್ಷಕ್ಕೊಮ್ಮೆ ಹೊಸದಾಗಿ ಶುರುವಾಗುತ್ತದೆ. ಆದರೆ ಆಳುವವರೇ ಶಾಲೆಗಳನ್ನು ಮುಚ್ಚಿ, ಮೇಷ್ಟ್ರುಗಳನ್ನು ಕೊಂದು, ಪುಸ್ತಕ ಹಿಡಿದವರನ್ನು ವೈರಿಗಳೆಂದು ಎಣಿಸಿದ್ದ ನಾಡಿನಲ್ಲಿ ಈ ಆರಂಭಕ್ಕೆ ಬೇರೆಯೇ ತೂಕವಿದೆ. ಶಾಲೆ ತೆರೆಯುವ ದಿನ ಊರಿನ ದೊಡ್ಡವರು ಮಕ್ಕಳಿಗೆ ಎಲ್ಲರೆದುರು ಒಂದು ಮಾತು ಕೊಡುತ್ತಾರೆ: ನಿಮ್ಮನ್ನು ಓದಿಸುತ್ತೇವೆ. ಆ ಮಾತಿನ ಹಿಂದೆ ಏನೆಲ್ಲ ಇದೆ, ಅದನ್ನು ಉಳಿಸಿಕೊಳ್ಳಲು ಹಳ್ಳಿಯೊಂದು ಏನೆಲ್ಲ ಮಾಡಬೇಕು ಎಂದು ನೋಡಿದರೆ ಆ ದಿನದ ಸಂಭ್ರಮದ ಅರ್ಥ ತಿಳಿಯುತ್ತದೆ.

ನೀರು ಬರೆಯುವ ಪಂಚಾಂಗ

ಕಾಂಬೋಡಿಯಾದ ಶಾಲೆಗಳು ಹಿಂದೆ ಅಕ್ಟೋಬರ್ 1ರಂದು ತೆರೆಯುತ್ತಿದ್ದವು. ಕಳೆದ ದಶಕದಲ್ಲಿ ಆ ದಿನ ನವೆಂಬರ್ ಆರಂಭಕ್ಕೆ ಸರಿಯಿತು. ಕೋವಿಡ್ ಬಂದು 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಇಡೀ ಲೆಕ್ಕ ತಪ್ಪಿ, ಪಾಠದ ವರ್ಷ ಜನವರಿಗೆ ಹೋಯಿತು. ಆಮೇಲೆ ಅದನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ತಂದು 2023ರಲ್ಲಿ ಡಿಸೆಂಬರ್ 1ಕ್ಕೂ, 2024ರಲ್ಲಿ ಮತ್ತೆ ನವೆಂಬರ್ 1ಕ್ಕೂ ನಿಲ್ಲಿಸಿದರು.

ದಿನಾಂಕ ಗೊತ್ತುಮಾಡುವುದು ರಾಜಧಾನಿಯ ಶಿಕ್ಷಣ ಸಚಿವಾಲಯ. ಆದರೆ ಹಳ್ಳಿಗೆ ಬಂದಾಗ ನೀರಿನ ಮಾತೇ ನಡೆಯುವುದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಉಕ್ಕಿದ ಮೆಕಾಂಗ್ ನದಿ ತನ್ನ ಉಪನದಿ ಟೋನ್ಲೆ ಸಾಪ್ ಅನ್ನು ಬಂದ ದಾರಿಗೇ ಹಿಂದಕ್ಕೆ ನೂಕುತ್ತದೆ. ನದಿ ತಿರುಗಿ ಹರಿದು, ಅದೇ ಹೆಸರಿನ ಮಹಾ ಸರೋವರವನ್ನು ತುಂಬುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ಸರೋವರ ಮಳೆಗಾಲದ ಕೊನೆಗೆ 15,000 ಚದರ ಕಿಲೋಮೀಟರ್‌ವರೆಗೂ ಹರಡಿಕೊಳ್ಳುವುದುಂಟು. ಗದ್ದೆ, ಕಾಡು, ರಸ್ತೆ ಎಲ್ಲವೂ ನೀರಿನಡಿ ಸೇರುತ್ತವೆ. ಕಾಂಪೊಂಗ್ ಫ್ಲುಕ್‌ನಂಥ ಊರುಗಳಲ್ಲಿ ಎತ್ತರದ ಕಂಬಗಳ ಮೇಲೆ ನಿಂತ ಮನೆಗಳ ಮೆಟ್ಟಿಲಿಗೇ ದೋಣಿ ಬಂದು ನಿಲ್ಲುತ್ತದೆ. ಪುರ್ಸಾಟ್ ಪ್ರಾಂತ್ಯದ ಕಾಂಪೊಂಗ್ ಲುವೊಂಗ್‌ನಲ್ಲಿ ಊರೂ ತೇಲುತ್ತದೆ, ಶಾಲೆಯೂ ತೇಲುತ್ತದೆ. ಅಲ್ಲಿನ ಮಗುವಿಗೆ ಅಕ್ಷರಕ್ಕಿಂತ ಮೊದಲು ಹುಟ್ಟು ಹಾಕುವುದು ಬಂದಿರುತ್ತದೆ.

ಹೀಗಾಗಿ ಅಕ್ಟೋಬರ್‌ನಲ್ಲಿ ಶಾಲೆ ತೆರೆದರೂ ಎಷ್ಟೋ ಕಡೆ ಮಕ್ಕಳು ಬರುವಂತಿರಲಿಲ್ಲ. 2011 ಮತ್ತು 2013ರ ಮಹಾಪೂರಗಳಲ್ಲಿ ನೂರಾರು ಶಾಲೆಗಳು ನೀರಿನಲ್ಲಿ ನಿಂತವು. ನೆರೆ ಇಳಿದ ಮೇಲೆ ಕೊಠಡಿಯ ಕೆಸರು ತೆಗೆದು, ಬೆಂಚು ತೊಳೆದು ಬಿಸಿಲಿಗಿಟ್ಟು, ಬಾವಿಯ ನೀರು ಕುಡಿಯಲು ಯೋಗ್ಯವೇ ಎಂದು ನೋಡಿಕೊಳ್ಳುವುದೂ ಪ್ರಾರಂಭೋತ್ಸವದ ಸಿದ್ಧತೆಯೇ. ಅದಕ್ಕೆ ಮೇಷ್ಟ್ರುಗಳ ಜೊತೆ ಊರಿನವರೂ ಕೈಜೋಡಿಸಬೇಕು.

ಶಾಲೆ ತೆರೆಯುವ ಹೊತ್ತಿಗೆ ಹಳ್ಳಿಗೆ ಇನ್ನೆರಡು ದೊಡ್ಡ ಕೆಲಸಗಳು ಎದುರಾಗುತ್ತವೆ. ಒಂದು, ಕಾರ್ತಿಕ ಹುಣ್ಣಿಮೆಯ ಬೋನ್ ಓಮ್ ಟೂಕ್. ನದಿ ಮತ್ತೆ ಸಮುದ್ರದ ಕಡೆ ತಿರುಗುವ ಕಾಲದ ಈ ನೀರ ಹಬ್ಬದಲ್ಲಿ ಊರೂರಿನ ಉದ್ದನೆಯ ದೋಣಿಗಳು ಪಂದ್ಯಕ್ಕೆ ಇಳಿಯುತ್ತವೆ. ಇನ್ನೊಂದು ಭತ್ತದ ಕೊಯ್ಲು. ಮಳೆಗಾಲದ ಬೆಳೆ ನವೆಂಬರ್‌ನಿಂದ ಜನವರಿವರೆಗೆ ಕಟಾವಿಗೆ ಬರುತ್ತದೆ. ಹಬ್ಬಕ್ಕೆ ರಜೆಯಿದೆ, ಕೊಯ್ಲಿಗೆ ಇಲ್ಲ. ಪಾಠದ ಮೊದಲ ಎರಡು ತಿಂಗಳಲ್ಲೇ ಗದ್ದೆಯೂ ಮಗುವನ್ನು ಕರೆಯುತ್ತದೆ.

ಮೊದಲ ದಿನದ ಬೆಳಗು

ಶಾಲೆ ತೆರೆಯುವ ಮೊದಲು ದೇಶದಾದ್ಯಂತ ದಾಖಲಾತಿ ಅಭಿಯಾನ ನಡೆಯುತ್ತದೆ. ಮುಖ್ಯೋಪಾಧ್ಯಾಯರು, ಊರಿನ ಮುಖಂಡರು, ಶಾಲಾ ಸಮಿತಿಯವರು ಮನೆಮನೆಗೆ ಹೋಗಿ ಆರು ವರ್ಷ ತುಂಬಿದ ಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ಬಿಟ್ಟುಹೋದವರನ್ನು ಮರಳಿ ಕರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಅವರ ಮಾತಿಗೆ ಸಿಗುವವರು ಅಜ್ಜಿ, ತಾತ. ತಂದೆತಾಯಿ ಥಾಯ್ಲೆಂಡಿನ ಕಟ್ಟಡ ಕೆಲಸಕ್ಕೋ ನಾಮ್ ಪೆನ್‌ನ ಕಾರ್ಖಾನೆಗೋ ಹೋಗಿರುತ್ತಾರೆ. ಮಗುವನ್ನು ಶಾಲೆಗೆ ಕಳಿಸಬೇಕೇ ಬೇಡವೇ ಎಂಬ ತೀರ್ಮಾನ ತಾನೇ ಶಾಲೆ ಕಾಣದ ಅಜ್ಜಿಯ ಪಾಲಿಗೆ ಬರುತ್ತದೆ. ಅವಳೆದುರು ಕುಳಿತು ಹೆಸರು ಬರೆಸುವ ಗಳಿಗೆಯಲ್ಲೇ ಹೊಸ ವರ್ಷ ನಿಜವಾಗಿ ಶುರುವಾಯಿತೆಂದು ನನಗನ್ನಿಸುತ್ತದೆ.

ಆಮೇಲೆ ಆ ಬೆಳಗು. ಕೆಂಪು ಮಣ್ಣಿನ ರಸ್ತೆಯಲ್ಲಿ, ತಾಳೆಮರಗಳ ಸಾಲಿನ ನಡುವೆ, ಬಿಳಿ ಅಂಗಿಯ ಮಕ್ಕಳು ದೊಡ್ಡವರ ಸೈಕಲ್ಲನ್ನೇ ತುಳಿಯುತ್ತ ಬರುತ್ತಾರೆ. ಹಿಂದೆ ಕೂತ ತಂಗಿಯ ಕಾಲು ಚಕ್ರಕ್ಕೆ ಸಿಗದಂತೆ ಚಾಚಿರುತ್ತದೆ. ಕಾಂಕ್ರೀಟು ಗೋಡೆ, ಮರದ ಕಿಟಕಿಗಳ ಉದ್ದನೆಯ ಕಟ್ಟಡದ ಮುಂದೆ ಮಕ್ಕಳು ಸಾಲುಗಟ್ಟುತ್ತಾರೆ. ಆಂಗ್ಕೋರ್ ವಾಟ್ ಚಿತ್ರವಿರುವ ಬಾವುಟ ಏರುತ್ತದೆ, ರಾಷ್ಟ್ರಗೀತೆ ನೋಕೋರ್ ರೀಚ್ ಕೇಳಿಬರುತ್ತದೆ. ಎಷ್ಟೋ ಶಾಲೆಗಳು ಪಗೋಡಾದ ಆವರಣದಲ್ಲೇ ಇರುವುದರಿಂದ ಭಿಕ್ಷುಗಳಿಗೆ ದೂರದ ಪ್ರಯಾಣವಿಲ್ಲ. ಬಂದು ಮಂತ್ರ ಹೇಳಿ ಹರಸುತ್ತಾರೆ. ಅಧಿಕಾರಿಗಳ ಭಾಷಣ ಇರುತ್ತದೆ. ಬಡಮಕ್ಕಳಿಗೆ ನೋಟುಬುಕ್ಕು, ಚೀಲ ಹಂಚುವುದೂ ಇರುತ್ತದೆ.

ಮೇಷ್ಟ್ರು ಎದುರಾದರೆ ಮಕ್ಕಳು ಎರಡೂ ಅಂಗೈ ಜೋಡಿಸಿ ತಲೆ ಬಾಗುತ್ತಾರೆ. ಈ ನಮಸ್ಕಾರಕ್ಕೆ ಸಾಂಪಿಯಾ ಎನ್ನುತ್ತಾರೆ. ಗೌರವ ಹೆಚ್ಚಿದಷ್ಟೂ ಜೋಡಿಸಿದ ಕೈ ಮೇಲಕ್ಕೇರುತ್ತದೆ. ಗುರುವಿಗೆ ಮುಗಿಯುವ ಕೈ ಎದೆಗಿಂತ ಮೇಲೇ ಇರಬೇಕು. ಮೇಷ್ಟ್ರನ್ನು ‘ಲೋಕ್ ಕ್ರು’, ಮೇಡಂ ಅವರನ್ನು ‘ನೆಯಾಕ್ ಕ್ರು’ ಎಂದು ಕರೆಯುತ್ತಾರೆ. ನೃತ್ಯ, ಸಂಗೀತ ಕಲಿಯುವವರು ಗುರುಪರಂಪರೆಗೆ ಹೂವು, ಹಣ್ಣು, ಧೂಪ ಅರ್ಪಿಸುವ ‘ಸಾಂಪಿಯಾ ಕ್ರು’ ಎಂಬ ಪ್ರತ್ಯೇಕ ವಿಧಿಯೂ ಇದೆ. ಅದಕ್ಕೆ ವಾಡಿಕೆಯ ದಿನ ಗುರುವಾರ.

ಒಳಗೆ ಕರಿಹಲಗೆಯ ಮೇಲೆ ಈಗಿನ ದೊರೆ ನೊರೊಡೊಮ್ ಸಿಹಮೊನಿ ಮತ್ತು ಅವರ ತಂದೆತಾಯಿಯ ಚಿತ್ರಪಟಗಳು. ಮಕ್ಕಳೇ ಸರದಿಯಂತೆ ಕಸ ಗುಡಿಸಿ, ಗಿಡಗಳಿಗೆ ನೀರು ಹಾಕುತ್ತಾರೆ. ಕೊಠಡಿ, ಶಿಕ್ಷಕರು ಸಾಲದೆ ಹೆಚ್ಚಿನ ಪ್ರಾಥಮಿಕ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಒಂದು ಗುಂಪು, ಮಧ್ಯಾಹ್ನ ಒಂದರಿಂದ ಐದರವರೆಗೆ ಇನ್ನೊಂದು.

ಕ, ಖ, ಗ, ಘ, ಙ

ಒಂದನೇ ತರಗತಿಯಲ್ಲಿ ಏಳುವ ಮೊದಲ ಪಾಠದ ದನಿ ಕನ್ನಡಿಗರ ಕಿವಿಗೆ ಪರಿಚಿತ. ಖ್ಮೇರ್ ವರ್ಣಮಾಲೆ ಕ, ಖ, ಗ, ಘ, ಙ ಎಂಬ ಕ್ರಮದಲ್ಲೇ ಸಾಗುತ್ತದೆ. ಉಚ್ಚಾರ ಮಾತ್ರ ಬದಲಾಗಿದೆ: ಮೂರನೆಯ, ನಾಲ್ಕನೆಯ ಅಕ್ಷರಗಳನ್ನು ಇಂದು ‘ಕೊ’, ‘ಖೊ’ ಎಂದು ಓದುತ್ತಾರೆ. ನಮ್ಮ ಒತ್ತಕ್ಷರಗಳಂತೆ ಅಲ್ಲಿಯೂ ಎರಡನೆಯ ವ್ಯಂಜನ ಸಾಲಿನ ಕೆಳಗೆ ಇಳಿಯುತ್ತದೆ. ತೊಡಕೂ ಇದೆ. ವ್ಯಂಜನಗಳಲ್ಲಿ ಎರಡು ಗುಂಪು. ಒಂದೇ ಸ್ವರಚಿಹ್ನೆ ಯಾವ ಗುಂಪಿನ ವ್ಯಂಜನಕ್ಕೆ ಹತ್ತಿತು ಎಂಬುದರ ಮೇಲೆ ಅದರ ಧ್ವನಿ ಬದಲಾಗುತ್ತದೆ. 33 ವ್ಯಂಜನಗಳು, ಇಪ್ಪತ್ತಕ್ಕೂ ಹೆಚ್ಚು ಸ್ವರಚಿಹ್ನೆಗಳು, ಸ್ವತಂತ್ರ ಸ್ವರಗಳು ಎಲ್ಲ ಸೇರಿ 74 ಅಕ್ಷರಗಳಿರುವ ಇದನ್ನು ಜಗತ್ತಿನ ಅತಿ ದೊಡ್ಡ ವರ್ಣಮಾಲೆಯೆಂದು ಗಿನ್ನೆಸ್ ದಾಖಲೆ ಗುರುತಿಸಿದೆ. ಆರು ವರ್ಷದ ಮಗುವಿಗೆ ಇದು ಸಣ್ಣ ಬೆಟ್ಟವಲ್ಲ.

ಈ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬೆಳೆದದ್ದು. ಕನ್ನಡ ಲಿಪಿ ಕದಂಬ ಲಿಪಿಯ ದಾರಿಯಲ್ಲಿ ಬಂತು. ಎರಡರ ಮೂಲವೂ ಬ್ರಾಹ್ಮಿ. ನಮ್ಮ ಹಲ್ಮಿಡಿ ಶಾಸನ ಐದನೇ ಶತಮಾನದ್ದು. ಕಾಲ ನಮೂದಾಗಿರುವ ಅತ್ಯಂತ ಹಳೆಯ ಖ್ಮೇರ್ ಶಾಸನ ಆಂಗ್ಕೋರ್ ಬೊರೈಯಲ್ಲಿ ದೊರೆತಿದೆ, ಶಕವರ್ಷ 533, ಅಂದರೆ ಕ್ರಿ.ಶ. 611. ಹನ್ನೆರಡನೇ ಶತಮಾನದ ಕೊನೆಯಲ್ಲಿ ಏಳನೇ ಜಯವರ್ಮನ ರಾಣಿ ಇಂದ್ರದೇವಿ ಸ್ವತಃ ಸಂಸ್ಕೃತದಲ್ಲಿ ಶಾಸನ ರಚಿಸಿದ ವಿದುಷಿ, ಹೆಂಗಸರಿಗೆ ಪಾಠ ಹೇಳಿದವಳು. ಆದರೆ ಮುಂದಿನ ಶತಮಾನಗಳಲ್ಲಿ ಓದು ಪಗೋಡಾದೊಳಗೇ ಉಳಿಯಿತು. ಭಿಕ್ಷುಗಳ ಬಳಿ ಗಂಡುಮಕ್ಕಳು ತಾಳೆಗರಿ ಓದುತ್ತಿದ್ದರು, ನೀತಿಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಬಾಗಿಲಿರಲಿಲ್ಲ. ಫ್ರೆಂಚರ ಆಳ್ವಿಕೆಯಲ್ಲಿ ಪಗೋಡಾ ಶಾಲೆಗಳಿಗೆ ಹೊಸ ಪಠ್ಯ ಸೇರಿತು. 1953ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಈಗಿನ ದೊರೆಯ ತಂದೆ ಸಿಹನೂಕ್ ಕಾಲದಲ್ಲಿ ಹಳ್ಳಿಹಳ್ಳಿಗೆ ಶಾಲೆಗಳು ಏಳತೊಡಗಿದವು.

ಶಾಲೆಯೇ ಇಲ್ಲದ ಕಾಲ

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರ ಸೇನೆ ನಾಮ್ ಪೆನ್ ಪ್ರವೇಶಿಸಿತು. ಅಲ್ಲಿಂದ ಅವರ ಆಳ್ವಿಕೆ ಕೊನೆಗೊಂಡ 1979ರ ಜನವರಿ 7ರವರೆಗಿನ ಅವಧಿಯನ್ನು ಕಾಂಬೋಡಿಯಾದ ಹಿರಿಯರು ಇಂದಿಗೂ ‘ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ’ ಎಂದೇ ಹೇಳುತ್ತಾರೆ. ನಗರಗಳು ಖಾಲಿಯಾದವು. ಹಣ ರದ್ದಾಯಿತು, ಭಿಕ್ಷುಗಳ ಕಾವಿ ಕಳಚಿಸಲಾಯಿತು. ಶಾಲೆಗಳು ಉಗ್ರಾಣಗಳಾದವು, ಸೆರೆಮನೆಗಳಾದವು. ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಗದ್ದೆ, ಕಾಲುವೆ ಕೆಲಸದ ದಳಗಳಿಗೆ ಸೇರಿಸಲಾಯಿತು. ಸುಮಾರು ಎಂಬತ್ತು ಲಕ್ಷ ಜನಸಂಖ್ಯೆಯಲ್ಲಿ 15ರಿಂದ 20 ಲಕ್ಷ ಮಂದಿ ಹಸಿವು, ರೋಗ, ದುಡಿತ ಮತ್ತು ಕೊಲೆಗೆ ಬಲಿಯಾದರು.

ನಾಮ್ ಪೆನ್‌ನ ತೂಲ್ ಸ್ವೇ ಪ್ರೇ ಪ್ರೌಢಶಾಲೆ ‘ಎಸ್-21’ ಎಂಬ ಚಿತ್ರಹಿಂಸೆಯ ಕೇಂದ್ರವಾಯಿತು. ಇಂದು ಅದು ತೂಲ್ ಸ್ಲೆಂಗ್ ವಸ್ತುಸಂಗ್ರಹಾಲಯ. ತರಗತಿಯ ಕೋಣೆಗಳನ್ನು ಇಟ್ಟಿಗೆಯಿಂದ ಸೀಳಿ ಮಾಡಿದ ಗೂಡುಗಳು ಅಲ್ಲಿ ಹಾಗೇ ಇವೆ. 12 ಸಾವಿರಕ್ಕೂ ಹೆಚ್ಚು ಜನ ಆ ಶಾಲೆಯೊಳಗೆ ಹೋದರು. ಬದುಕಿ ಹೊರಬಂದವರು ಬೆರಳೆಣಿಕೆಯಷ್ಟು. ಆ ಕೇಂದ್ರದ ಮುಖ್ಯಸ್ಥ ಡೂಯಿಕ್ ಹಿಂದೆ ಗಣಿತದ ಮೇಷ್ಟ್ರಾಗಿದ್ದವನು. ಖ್ಮೇರ್ ರೂಜ್ ನಾಯಕ ಪೋಲ್ ಪಾಟ್ ಕೂಡ ನಾಮ್ ಪೆನ್‌ನ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳಿದ್ದವನೇ. ಕರಿಹಲಗೆಯ ಮುಂದೆ ನಿಂತಿದ್ದವರ ಕೈಯಿಂದಲೇ ಕರಿಹಲಗೆಗಳು ಒಡೆದವು. ಓದು ತಾನಾಗಿ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ ಎಂಬ ಈ ಕಹಿ ಪಾಠವನ್ನು ಆ ದೇಶ ತನ್ನ ರಕ್ತದಲ್ಲಿ ಕಲಿತಿದೆ. ಹಾಗಿದ್ದೂ ಓದನ್ನು ಕೈಬಿಡಲಿಲ್ಲ ಎಂಬುದೇ ಅದರ ದೊಡ್ಡತನ.

1979ರ ಸೆಪ್ಟೆಂಬರ್‌ನಲ್ಲಿ ಶಾಲೆಗಳು ಮತ್ತೆ ತೆರೆದಾಗ ಹಿಂದಿನ ಶಿಕ್ಷಕರಲ್ಲಿ ಮುಕ್ಕಾಲು ಪಾಲು ಸತ್ತಿದ್ದರು ಇಲ್ಲವೇ ದೇಶ ಬಿಟ್ಟಿದ್ದರು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಪುಸ್ತಕವಿಲ್ಲ, ಬೆಂಚಿಲ್ಲ, ಎಷ್ಟೋ ಕಡೆ ಛಾವಣಿಯೂ ಇಲ್ಲ. ಹೆಚ್ಚು ಬಲ್ಲವರು ಕಡಿಮೆ ಬಲ್ಲವರಿಗೆ, ಕಡಿಮೆ ಬಲ್ಲವರು ಏನೂ ಅರಿಯದವರಿಗೆ ಕಲಿಸಲಿ ಎಂಬುದು ಆ ದಿನಗಳ ಕರೆಯಾಗಿತ್ತು. ನಾಲ್ಕಾರು ತರಗತಿ ಓದಿದ್ದವರೂ ಕೆಲವು ವಾರಗಳ ತರಬೇತಿ ಪಡೆದು ಮೇಷ್ಟ್ರಾದರು. ಮರದಡಿ ಪಾಠ ನಡೆಯಿತು. ಹಲವರು ಸಂಬಳವಾಗಿ ಅಕ್ಕಿ ಪಡೆದರು. ಇಂದಿನ ಹಳ್ಳಿ ಮಕ್ಕಳ ಅಜ್ಜಅಜ್ಜಿಯರಲ್ಲಿ ಶಾಲೆಯ ವಯಸ್ಸನ್ನು ಕಾಲುವೆ ತೋಡುತ್ತ ಕಳೆದವರಿದ್ದಾರೆ. ಮೊಮ್ಮಗಳ ಕೈ ಹಿಡಿದು ಶಾಲೆಯ ಗೇಟಿಗೆ ಅವರು ಬಂದು ನಿಂತಾಗ ಭಾಷಣದಲ್ಲಿ ಹೇಳಬೇಕಾದುದೆಲ್ಲ ಅಲ್ಲೇ ಇರುತ್ತದೆ.

ಅಂಗಳದ ಕೆಳಗಿನ ಯುದ್ಧ

ಖ್ಮೇರ್ ರೂಜ್ ಆಳ್ವಿಕೆ ಮುಗಿದರೂ 1998ರವರೆಗೆ ಗುಂಡಿನ ಸದ್ದು ಪೂರ್ತಿ ನಿಲ್ಲಲಿಲ್ಲ. ಯುದ್ಧ ನೆಲದಲ್ಲಿ ಬಿಟ್ಟುಹೋದದ್ದು ಇನ್ನೂ ಹೊರಬರುತ್ತಿದೆ. 1979ರಿಂದೀಚೆಗೆ ನೆಲಬಾಂಬು ಮತ್ತು ಸಿಡಿಯದೆ ಉಳಿದ ಮದ್ದುಗುಂಡುಗಳಿಂದ ಸುಮಾರು 20 ಸಾವಿರ ಜನ ಸತ್ತಿದ್ದಾರೆ. ಸುಮಾರು 45 ಸಾವಿರ ಜನ ಗಾಯಗೊಂಡಿದ್ದಾರೆ ಅಥವಾ ಕೈಕಾಲು ಕಳೆದುಕೊಂಡಿದ್ದಾರೆ. 2023ರ ಆಗಸ್ಟ್‌ನಲ್ಲಿ ಈಶಾನ್ಯದ ಕ್ರಾಟಿ ಪ್ರಾಂತ್ಯದ ಕ್ವೀನ್ ಕೊಸಮಾಕ್ ಪ್ರೌಢಶಾಲೆಯ ಅಂಗಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗ್ರೆನೇಡು ಮತ್ತಿತರ ಸ್ಫೋಟಕಗಳು ಸಿಕ್ಕವು. ದಶಕಗಳ ಕಾಲ ಮಕ್ಕಳು ಅದೇ ನೆಲದ ಮೇಲೆ ಓಡಾಡಿದ್ದರು. ಬಟಂಬಾಂಗ್, ಪೈಲಿನ್‌ನಂಥ ಪಶ್ಚಿಮದ ಪ್ರಾಂತ್ಯಗಳಲ್ಲಿ ಕೆಂಪು ತಲೆಬುರುಡೆಯ ಫಲಕ ಕಂಡಲ್ಲಿ ಹೆಜ್ಜೆಯಿಡಬಾರದು, ಗೊತ್ತಿಲ್ಲದ ಕಬ್ಬಿಣದ ತುಂಡನ್ನು ಮುಟ್ಟಬಾರದು ಎಂಬುದನ್ನೂ ಮೇಷ್ಟ್ರು ಹೇಳಿಕೊಡಬೇಕಾಗುತ್ತದೆ.

2025ರ ಜುಲೈನಲ್ಲಿ ಥಾಯ್ಲೆಂಡ್ ಗಡಿಯಲ್ಲಿ ಐದು ದಿನ ಕಾಳಗ ನಡೆದಾಗ ಪ್ರಿಯಾ ವಿಹಿಯರ್, ಒಡ್ಡಾರ್ ಮೀನ್ಚೆ ಪ್ರಾಂತ್ಯಗಳ ಗಡಿ ಹಳ್ಳಿಗಳಲ್ಲಿ ಶಾಲೆಗಳಿಗೆ ಮತ್ತೆ ಬೀಗ ಬಿತ್ತು. ಮಕ್ಕಳು ಟಾರ್ಪಾಲಿನ ಡೇರೆಗಳಿಗೆ ಹೋದರು. ಅಜ್ಜಿಯರು ಕಂಡದ್ದು ಮೊಮ್ಮಕ್ಕಳ ಕಣ್ಣಿಗೂ ಬೀಳಬಾರದಿತ್ತು.

ಏಳನೇ ತರಗತಿಯ ಹೊಸ್ತಿಲು

1993ರ ಸಂವಿಧಾನ ಸರ್ಕಾರಿ ಶಾಲೆಗಳಲ್ಲಿ ಉಚಿತ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣದ ಭರವಸೆ ಕೊಟ್ಟಿದೆ. ಕನಿಷ್ಠ ಒಂಬತ್ತು ವರ್ಷ ಓದಬೇಕೆಂದೂ ಹೇಳುತ್ತದೆ. 2000ದ ದಶಕದ ಆರಂಭದಲ್ಲಿ ದಾಖಲಾತಿ ಶುಲ್ಕ ರದ್ದಾದ ಮೇಲೆ ಬಡಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಶಾಲೆಗೆ ಬಂದರು. ಒಂದನೇ ತರಗತಿಗೆ ಸೇರಿಸುವ ಹೋರಾಟವನ್ನು ಕಾಂಬೋಡಿಯಾ ಬಹುಮಟ್ಟಿಗೆ ಗೆದ್ದಿದೆ. ಸೋಲುತ್ತಿರುವುದು ಮುಂದೆ. ಆರನೇ ತರಗತಿವರೆಗಿನ ಶಾಲೆ ಊರಲ್ಲೇ ಇರುತ್ತದೆ; ಏಳನೇ ತರಗತಿಗೆ ಎಷ್ಟೋ ಮಕ್ಕಳು ದೂರದ ಊರಿಗೆ ಹೋಗಬೇಕು. ಸೈಕಲ್ ಬೇಕು, ಟ್ಯೂಷನ್ನಿಗೆ ದುಡ್ಡು ಬೇಕು. ಅಷ್ಟರಲ್ಲಿ ಮಗುವಿನ ತೋಳಿಗೆ ಮರಗೆಣಸು ಕೀಳುವ ಬಲವೂ ಬಂದಿರುತ್ತದೆ.

ಸೋರಿಕೆ ಎಷ್ಟೆಂಬುದನ್ನು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗಾಗಿ ರೂಪಿಸಿದ್ದ 2017ರ ಪೀಸಾ ಎಂಬ ಅಂತರರಾಷ್ಟ್ರೀಯ ಕಲಿಕಾ ಪರೀಕ್ಷೆ ತೋರಿಸಿತು. 15 ವರ್ಷದವರಲ್ಲಿ ಏಳನೇ ತರಗತಿ ಅಥವಾ ಅದಕ್ಕಿಂತ ಮೇಲೆ ಓದುತ್ತ ಪರೀಕ್ಷೆಗೆ ಅರ್ಹರಾಗಿದ್ದವರೇ ಶೇ 28ರಷ್ಟು. ಅವರಲ್ಲಿಯೂ ಓದಿ ಅರ್ಥಮಾಡಿಕೊಳ್ಳುವ ಕನಿಷ್ಠ ಮಟ್ಟ ಮುಟ್ಟಿದವರು ಶೇ 8. ಅದಕ್ಕೂ ಮೊದಲು, 2014ರಲ್ಲಿ, ಶಿಕ್ಷಣ ಸಚಿವ ಹಾಂಗ್ ಚುವೊನ್ ನರೋನ್ ಹನ್ನೆರಡನೇ ತರಗತಿಯ ಪರೀಕ್ಷೆಯಲ್ಲಿ ನಕಲು ತಡೆದಾಗ, ಹಿಂದಿನ ವರ್ಷ ಶೇ 80 ದಾಟಿದ್ದ ಫಲಿತಾಂಶ ಒಮ್ಮೆಗೇ ಶೇ 26ರ ಆಸುಪಾಸಿಗೆ ಕುಸಿಯಿತು. ನೋವಿನ ಸತ್ಯವಾದರೂ ದೇಶ ಅದನ್ನು ಎದುರಿಸಿತು.

ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವ ದಾರಿಗಳು ಗೊತ್ತಿವೆ. ಏಳನೇ ತರಗತಿಗೆ ಕಾಲಿಡುವ ಬಡ ಹೆಣ್ಣುಮಕ್ಕಳಿಗೆ ವರ್ಷಕ್ಕೆ 45 ಡಾಲರ್ ವಿದ್ಯಾರ್ಥಿವೇತನ ಕೊಟ್ಟ ಯೋಜನೆಯೊಂದನ್ನು ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರಾದ ಡಿಯಾನ್ ಫಿಲ್ಮರ್ ಮತ್ತು ನಾರ್ಬರ್ಟ್ ಶೇಡಿ ಅಧ್ಯಯನ ಮಾಡಿದರು. ಆ ಸಣ್ಣ ಮೊತ್ತಕ್ಕೇ ದಾಖಲಾತಿ ಪ್ರಮಾಣ ಸುಮಾರು 30 ಶೇಕಡಾಂಶ ಏರಿತ್ತು. ವಿಶ್ವ ಆಹಾರ ಕಾರ್ಯಕ್ರಮ 1999ರಲ್ಲಿ ಶಾಲೆಗಳಲ್ಲಿ ಊಟ ಕೊಡಲು ಶುರುಮಾಡಿತು. ಈಗ ಸರ್ಕಾರ ಅದನ್ನು ಹಂತಹಂತವಾಗಿ ವಹಿಸಿಕೊಳ್ಳುತ್ತಿದೆ. ಸುತ್ತಲಿನ ರೈತರಿಂದಲೇ ಅಕ್ಕಿ, ತರಕಾರಿ, ಮೀನು, ಮೊಟ್ಟೆ ಕೊಂಡು, ಪಾಠಕ್ಕೆ ಮೊದಲು ಬಿಸಿ ಉಪಾಹಾರ ಬಡಿಸುತ್ತಾರೆ. ಮಗು ಶಾಲೆಯಲ್ಲಿ ಉಂಡರೆ ಊರಿನ ಹೊಲಕ್ಕೂ ದುಡ್ಡು ಬರುತ್ತದೆ.

ಇನ್ನೊಂದು ದಾರಿ ಮಾತೃಭಾಷೆಯದು. ಈಶಾನ್ಯದ ಗುಡ್ಡಗಾಡಿನ ರತನಕಿರಿ, ಮೊಂಡುಲ್‌ಕಿರಿ ಪ್ರಾಂತ್ಯಗಳಲ್ಲಿ ತಾಂಪುವಾನ್, ಕ್ರುಂಗ್, ಬುನಾಂಗ್ ಮೊದಲಾದ ಸಮುದಾಯಗಳ ಮಕ್ಕಳಿಗೆ ಶಾಲೆಯ ಖ್ಮೇರ್ ಭಾಷೆಯೇ ಅರ್ಥವಾಗುತ್ತಿರಲಿಲ್ಲ. ಅವರ ನುಡಿಗಳನ್ನು ಖ್ಮೇರ್ ಲಿಪಿಯಲ್ಲೇ ಬರೆದು, ಮೊದಲ ತರಗತಿಗಳಲ್ಲಿ ಅವರ ಮಾತಿನಲ್ಲೇ ಕಲಿಸಿ, ಕ್ರಮೇಣ ಖ್ಮೇರ್‌ಗೆ ದಾಟಿಸುವ ಪ್ರಯೋಗ 2002ರಲ್ಲಿ ರತನಕಿರಿಯಲ್ಲಿ ಶುರುವಾಯಿತು. ಸರ್ಕಾರ ಅದನ್ನು ತನ್ನ ನೀತಿಯಾಗಿ ಒಪ್ಪಿಕೊಂಡಿದೆ. ಅದೇ ಊರಿನ ಯುವಕ ಯುವತಿಯರೇ ಅಲ್ಲಿ ಶಿಕ್ಷಕರು. ತನ್ನ ಮನೆಮಾತಿನಲ್ಲಿ ಮಾತಾಡುವ ಮೇಷ್ಟ್ರಿರುವ ಕೊಠಡಿಗೆ ಮಗು ಹೆದರದೆ ಕಾಲಿಡುತ್ತದೆ.

ಪ್ರಾರಂಭೋತ್ಸವದ ಬಾವುಟ, ಮಂತ್ರ, ಹೊಸ ಅಂಗಿ ಇವೆಲ್ಲ ಬೇಕು. ಶಾಲೆಯನ್ನು ಕಳೆದುಕೊಂಡು ಮರಳಿ ಕಟ್ಟಿದ ಜನಕ್ಕೆ ಅದನ್ನು ಹಬ್ಬವಾಗಿ ಆಚರಿಸುವ ಹಕ್ಕು ಯಾರಿಗಿಂತಲೂ ಹೆಚ್ಚಾಗಿದೆ. ಆದರೆ ಆ ದಿನ ಊರು ಕೊಟ್ಟ ಮಾತಿಗೆ ಮೊದಲ ಪರೀಕ್ಷೆ ಡಿಸೆಂಬರ್‌ನ ಕೊಯ್ಲಿನಲ್ಲಿ ಎದುರಾಗುತ್ತದೆ, ದೊಡ್ಡ ಪರೀಕ್ಷೆ ಏಳನೇ ತರಗತಿಯ ಮೊದಲ ವಾರದಲ್ಲಿ. ಅಲ್ಲಿ ಮಗುವನ್ನು ಹಿಡಿದಿಡುವುದು ಬೆಳಗಿನ ಒಂದು ತಟ್ಟೆ ಅನ್ನ, ಅಷ್ಟಿಷ್ಟು ವಿದ್ಯಾರ್ಥಿವೇತನ, ಓಡುವ ಸ್ಥಿತಿಯಲ್ಲಿರುವ ಒಂದು ಸೈಕಲ್ಲು, ತಪ್ಪದೆ ತರಗತಿಗೆ ಬರುವ ಮೇಷ್ಟ್ರು. ಇವಕ್ಕೆ ಬೇಕಾದ ಹಣ ದೊಡ್ಡದಲ್ಲ, ದಾರಿಯೂ ಗೊತ್ತಿದೆ. ಪುಸ್ತಕವೂ ಇಲ್ಲದೆ, ಮೇಷ್ಟ್ರೂ ಇಲ್ಲದೆ 1979ರಲ್ಲಿ ಶಾಲೆ ತೆರೆದ ದೇಶಕ್ಕೆ ಇಷ್ಟು ಅಸಾಧ್ಯವೆಂದು ನಾನು ನಂಬುವುದಿಲ್ಲ. ನವೆಂಬರ್‌ನಲ್ಲಿ ಸಾಲಿನಲ್ಲಿ ನಿಂತ ಹುಡುಗಿ ಮುಂದಿನ ನವೆಂಬರ್‌ನಲ್ಲಿ ಒಂದು ತರಗತಿ ಮೇಲಿನ ಸಾಲಿನಲ್ಲಿ ನಿಲ್ಲಬೇಕು. ಹೀಗೆ ಹನ್ನೆರಡು ಸಲ ನಿಲ್ಲಬೇಕು. ಹಬ್ಬ ಸಾರ್ಥಕವಾಯಿತೇ ಎಂದು ಅಳೆಯಲು ಬೇರೆ ಅಳತೆಗೋಲು ಬೇಕಿಲ್ಲ.